ಪಟ್ಟದ ಹಸುವಿನ ಕೆಮ್ಮು

ದನದ ಡಾಕ್ಟರು ಎಂದರೆ ಜನ ಒಬ್ಬನೇ ಮನುಷ್ಯನನ್ನು ಕಣ್ಣ ಮುಂದೆ ತಂದುಕೊಳ್ಳುತ್ತಾರೆ. ತೋಳಿನವರೆಗೆ ರಬ್ಬರಿನ ಕೈಗವಸು ಹಾಕಿಕೊಂಡು ಹಸುವಿನ ಹಿಂದೆ ನಿಂತವನು. ಅಷ್ಟೇ ಎಂದುಕೊಂಡವರ ತಲೆಗೆ ಏನು ಹೇಳುವುದು! ಸಿದ್ದಲಿಂಗಸ್ವಾಮಿಯ ಜೊತೆ ಓದಿದವರನ್ನೇ ತೆಗೆದುಕೊಳ್ಳಿ. ಗೋವಿಂದರಾಜು ರೇಸು ಕುದುರೆಗಳ ಡಾಕ್ಟರಾದ, ಕಾರು ಇಟ್ಟ, ತಲೆಗೆ ಹ್ಯಾಟು ಹಾಕಿದ. ಲಕ್ಷ್ಮೀನರಸಿಂಹ ಹೆಬ್ಬಾಳದ ಕಡೆ ಒಂದು ಕೋಳಿ ಕಂಪನಿ ಸೇರಿದ. ಒಂದು ಕೋಳಿಗೆ ಮದ್ದು ಕೊಡುವುದು ಅವನಿಗೆ ಮರೆತೇ ಹೋಗಿ, ಸಾವಿರಾರು ಕೋಳಿಗೆ ಒಟ್ಟಿಗೆ ತೊಟ್ಟಿಯ ನೀರಿನಲ್ಲಿ ಬೆರೆಸುವುದು ಅಭ್ಯಾಸವಾಯಿತು. ವಸಂತಮ್ಮ ಪ್ರಯೋಗಾಲಯಕ್ಕೆ ಹೋದರು. ಜೀವಂತ ಪ್ರಾಣಿಯ ಮುಖ ನೋಡಿ ಅವರಿಗೆ ಎಷ್ಟೋ ವರ್ಷವಾಗಿತ್ತು. ರಕ್ತ, ಸಗಣಿ, ಹಾಲು ಇವು ಶೀಷೆಯಲ್ಲಿ ಬರುತ್ತಿದ್ದವು, ಅವರು ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ಕೂರುತ್ತಿದ್ದರು. ಎಲ್ಲರೂ ಓದಿದ್ದು ಅದೇ ಪುಸ್ತಕ. ಸಂಜೆ ಮನೆಗೆ ಬಂದಾಗ ಒಬ್ಬೊಬ್ಬರ ಬಟ್ಟೆಯ ವಾಸನೆ ಒಂದೊಂದು ಥರ.

ಸಿದ್ದಲಿಂಗಸ್ವಾಮಿ ಮಾತ್ರ ಹಸುವಿನ ಡಾಕ್ಟರಾಗಿಯೇ ಉಳಿದಿದ್ದ. ಮನೆ ಸಂತೆಪೇಟೆಯ ಹಿಂದಿನ ಓಣಿಯಲ್ಲಿ. ತಂದೆ ಗುರುಮಲ್ಲಪ್ಪನವರದು ಅಲ್ಲೇ ವಿಭೂತಿ, ರುದ್ರಾಕ್ಷಿ, ಪೂಜೆ ಸಾಮಾನಿನ ಅಂಗಡಿ. ನಂಜನಗೂಡು ರಸ್ತೆಯ ಮಗ್ಗುಲಿನ ಒಂದು ಸಣ್ಣ ಮಠಕ್ಕೆ ಅಜ್ಜನ ಕಾಲದಿಂದ ವಿಭೂತಿ ಕಳಿಸುವ ಮನೆತನ ಅದು. ಆ ಮಠದ ಹಟ್ಟಿಯಲ್ಲಿ ಒಂದಿಪ್ಪತ್ತು ಹಸುಗಳಿದ್ದವು. ಮಗ ಡಾಕ್ಟರಾದ ಮೇಲೆ ಸೋಮವಾರ ಸೋಮವಾರ ಹೋಗಿ ಅವನ್ನು ನೋಡಿ ಬರುವುದು ಅವನ ಪಾಲಿಗೆ ಬಂತು. ‘ವಿಭೂತಿ ಅಪ್ಪನದು, ವೈದ್ಯ ಮಗನದು’ ಎಂದು ಯಾರಾದರೂ ಅಂದರೆ ಗುರುಮಲ್ಲಪ್ಪನವರು ಕೇಳಿಸದವರ ಹಾಗೆ ತಕ್ಕಡಿಯನ್ನೇ ನೋಡುತ್ತಿದ್ದರು. ಕೇಳಿಸಿರುತ್ತಿತ್ತು.

ತೊಂಬತ್ತೈದರಲ್ಲಿ ಅವನಿಗೆ ವರ್ಗವಾಯಿತು. ಎಲ್ಲಿಗೋ ದೂರದ ಊರಿಗಲ್ಲ, ಇದೇ ಊರಿನ ಕಸಾಯಿಖಾನೆಗೆ.

ಅಲ್ಲಿ ಡಾಕ್ಟರಿಗೇನು ಕೆಲಸ ಎಂದು ಕೇಳಿದವರೇ ಹೆಚ್ಚು. ಕುರಿ, ಮೇಕೆ, ಎಮ್ಮೆ ಏನೇ ಬಂದರೂ ಕಡಿಯುವ ಮೊದಲು ನಿಲ್ಲಿಸಿ ನೋಡಬೇಕು. ಕಡಿದ ಮೇಲೆ ಯಕೃತ್ತು ಸೀಳಬೇಕು, ಶ್ವಾಸಕೋಶ ಹಿಸುಕಿ ನೋಡಬೇಕು, ಗಂಟಲಿನ ಗಡ್ಡೆ ಕುಯ್ಯಬೇಕು. ರೋಗವಿಲ್ಲದಿದ್ದರೆ ತೊಡೆಯ ಮೇಲೆ ನೇರಳೆ ಬಣ್ಣದ ಮುದ್ರೆ. ಇದ್ದರೆ ಸುಣ್ಣ ಹಾಕಿ ಹೂಳಿಸಬೇಕು. ಹುಟ್ಟಿದಾಗಿನಿಂದ ಮಾಂಸವನ್ನು ನಾಲಿಗೆಗೆ ಸೋಕಿಸದವನು ಯಾವ ಮಾಂಸ ತಿನ್ನಬಹುದು ಎಂದು ಊರಿಗೆ ಹೇಳಬೇಕು! ಅವನು ಹಾಕಿಸುತ್ತಿದ್ದ ಮುದ್ರೆಯನ್ನು ನಂಬಿ ಎಷ್ಟೋ ಮನೆಯಲ್ಲಿ ಒಲೆ ಹತ್ತುತ್ತಿತ್ತು.

ಹೆಂಡತಿ ಶಾಂತಾದೇವಿ ಅಳಲಿಲ್ಲ, ಕೂಗಾಡಲಿಲ್ಲ. ಹಿತ್ತಲ ನಲ್ಲಿಯ ಪಕ್ಕ ಒಂದು ಬಕೀಟು, ಸೋಪು, ಒಗೆದ ಪಂಚೆ ಇಟ್ಟಳು.

“ರೀ, ಮುಂಬಾಗ್ಲಲ್ಲಿ ಬರೋದ್ ಬೇಡ. ಹಿಂಗೇ ಬನ್ನಿ, ತಲೆ ಮೇಲೆ ನೀರ್ ಹುಯ್ಕೊಳಿ. ಅಲ್ಲೀವರ್ಗೂ ನೀವ್ಯಾರೋ ನಾನ್ಯಾರೋ.”

“ಹುಯ್ಕೊಂಡ್ ಮೇಲೆ?”

“ಆಮೇಲೆ ನೋಡಾಣ ಬನ್ನಿ.”

ಗುರುಮಲ್ಲಪ್ಪನವರು ಅಂಗಡಿಯಲ್ಲಿ ಮಗನ ಸುದ್ದಿ ಬಂದಾಗ ‘ಸರ್ಕಾರಿ ಕೆಲಸ’ ಎನ್ನುವುದಷ್ಟಕ್ಕೆ ನಿಲ್ಲಿಸಿಬಿಡುತ್ತಿದ್ದರು. ಮಠದಲ್ಲಿ ಅಷ್ಟಕ್ಕೆ ನಿಲ್ಲಲಿಲ್ಲ. ಅಲ್ಲಿನ ಆಡಳಿತವೆಲ್ಲ ಪಾರುಪತ್ತೇಗಾರ ಚನ್ನಬಸವಯ್ಯನವರದು. ಅರವತ್ತರ ಆಳು, ಹಸುಗಳನ್ನು ಕಂಡರೆ ಪ್ರಾಣ. ಮುಂದಿನ ಸೋಮವಾರ ಅವರು ಹಟ್ಟಿಯ ಬಾಗಿಲಿಗೆ ಅಡ್ಡ ನಿಂತರು.

“ಡಾಕ್ಟ್ರೇ, ತಪ್ಪು ತಿಳ್ಕೋಬೇಡಿ. ಇನ್ಮೇಲೆ ಹಟ್ಟಿ ಒಳೀಕ್ ಬರೋದ್ ಬ್ಯಾಡ.”

“ಯಾಕ್ರೀ?”

“ಆ ಕೈಲಿ ಈ ಹಸುಗಳ್ನ ಮುಟ್ಟುದ್ರೆ ಎಂಗೆ? ಅವುಕ್ಕೂ ಗೊತ್ತಾಯ್ತದೆ ಕಣ್ರೀ. ಅಲ್ಲಾ, ಕೊರಳಲ್ಲಿ ಲಿಂಗ ಕಟ್ಕೊಂಡೇ ಅಲ್ಲಿಗೆ ಹೋಯ್ತೀರಾ?”

“ಮತ್ತೆ? ಗೂಟಕ್ಕೆ ನೇತಾಕ್ಬುಟ್ ಹೋಗ್ಲಾ?”

“ಶಿವಶಿವಾ!” ಎಂದು ಚನ್ನಬಸವಯ್ಯನವರು ಕಿವಿ ಮುಚ್ಚಿಕೊಂಡರು. ಸಿದ್ದಲಿಂಗಸ್ವಾಮಿ ಸ್ಕೂಟರು ತಿರುಗಿಸಿದ. ಅಲ್ಲಿಂದಾಚೆ ಮಠಕ್ಕೆ ಅವನು ಭಕ್ತ ಮಾತ್ರ.

ಕಸಾಯಿಖಾನೆಯಲ್ಲಿ ಮುದ್ರೆ ಒತ್ತುವವನು ಮಹದೇವು. ಒಂದು ದಿನ ಒಂದು ಎಮ್ಮೆಯ ಶ್ವಾಸಕೋಶವನ್ನು ಕಲ್ಲಿನ ಮೇಲೆ ಹರಡಿ ಕರೆದ.

“ಸಾರ್, ಇಲ್ನೋಡಿ. ಒಳಗೆ ಜ್ವಾಳ ಚೆಲ್ದಂಗದೆ.”

ಬೆರಳಾಡಿಸಿದರೆ ಗಟ್ಟಿ ಗಟ್ಟಿ ಗಂಟು. ಕುಯ್ದರೆ ಒಳಗೆ ಒಡೆದ ಹಾಲಿನಂಥ ಹಳದಿ ಮುದ್ದೆ. ಕ್ಷಯ. ಸಿದ್ದಲಿಂಗಸ್ವಾಮಿ ಅದನ್ನು ಪುಸ್ತಕದ ಚಿತ್ರದಲ್ಲಿ ಬಿಟ್ಟರೆ ನೋಡಿರಲಿಲ್ಲ. ಹಸುವಿನ ಡಾಕ್ಟರಾಗಿದ್ದಾಗ ಅವನು ನೋಡಿದ್ದು ಹೊರಗಿನ ಚರ್ಮವನ್ನು. ಸತ್ತ ಹಸುವನ್ನು ಯಾರೂ ಅವನ ಮುಂದೆ ಕುಯ್ದಿರಲಿಲ್ಲ. ಎಮ್ಮೆ ತಂದವನನ್ನು ಕೇಳಿದರೆ, “ಏನಿಲ್ಲ ಸಾಮಿ, ಬರೀ ಕೆಮ್ಮು” ಎಂದ.

ಆವತ್ತಿನಿಂದ ಅವನಿಗೆ ಒಂದು ಅಭ್ಯಾಸ ಬೆಳೆಯಿತು. ಅಂಗಳದಲ್ಲಿ ಕಟ್ಟಿದ ಪ್ರಾಣಿಗಳ ನಡುವೆ ಸುಮ್ಮನೆ ನಿಂತು ಕೆಮ್ಮು ಕೇಳುವುದು. ಆಮೇಲೆ ಅದರ ಶ್ವಾಸಕೋಶ ತೆಗೆದು ನೋಡುವುದು. ಧೂಳಿಗೆ ಬಂದ ಕೆಮ್ಮು ಬೇರೆ, ಹುಳುವಿಗೆ ಬಂದದ್ದು ಬೇರೆ. ಕ್ಷಯದ ಕೆಮ್ಮು ಸಣ್ಣದು, ಒಣದು, ನಾಲ್ಕು ಜನರ ಮುಂದೆ ನಾಚಿಕೊಂಡು ಕೆಮ್ಮಿದ ಹಾಗೆ. ಮಲಗಿದ್ದು ಎದ್ದಾಗ, ತಣ್ಣೀರು ಕುಡಿದಾಗ ಬರುತ್ತದೆ. ಹೊಟ್ಟೆ ತುಂಬ ಮೇವು ತಿಂದರೂ ಪಕ್ಕೆ ಎಣಿಸಬಹುದು. ಹೀಗೆ ಒಂದು ವರ್ಷ ಕಳೆಯಿತು.

ತೊಂಬತ್ತಾರರ ಕಾರ್ತಿಕದ ಒಂದು ಸೋಮವಾರ ಅವನು ಮಗಳು ಧನುಶ್ರೀಯನ್ನು ಕರೆದುಕೊಂಡು, ಅಪ್ಪನ ಜೊತೆ ಮಠಕ್ಕೆ ಹೋದ. ಹುಡುಗಿಗೆ ಏಳು ವರ್ಷ. ಆ ಮಠದಲ್ಲಿ ಒಂದು ಪದ್ಧತಿ. ಹಟ್ಟಿಯಲ್ಲಿ ಎಲ್ಲಕ್ಕಿಂತ ಹಿರಿಯ ಹಸು ಪಟ್ಟದ ಹಸು. ಅದನ್ನು ಬೆಳಿಗ್ಗೆ ಗದ್ದುಗೆಯ ಮುಂದಕ್ಕೇ ತಂದು ನಿಲ್ಲಿಸಿ ಹಾಲು ಕರೆಯುತ್ತಾರೆ. ಆ ಹಾಲು ನೆಲ ಮುಟ್ಟಬಾರದು, ಒಲೆ ಮುಟ್ಟಬಾರದು. ಕೆಚ್ಚಲಿನಿಂದ ಬೆಳ್ಳಿ ತಂಬಿಗೆಗೆ, ತಂಬಿಗೆಯಿಂದ ಗದ್ದುಗೆಗೆ, ಗದ್ದುಗೆಯಿಂದ ಇಳಿದದ್ದು ತೀರ್ಥವಾಗಿ ಭಕ್ತರ ಅಂಗೈಗೆ. ಗುರುಮಲ್ಲಪ್ಪನವರು ದಿನಾ ಬೆಳಿಗ್ಗೆ ಅಲ್ಲಿ ತೀರ್ಥ ತೆಗೆದುಕೊಂಡೇ ಅಂಗಡಿ ಬಾಗಿಲು ತೆಗೆಯುವುದು. ಒಂದು ಸಣ್ಣ ಗಿಂಡಿಯಲ್ಲಿ ಮೊಮ್ಮಗಳಿಗೂ ತರುತ್ತಿದ್ದರು.

ಆಗಿನ ಪಟ್ಟದ ಹಸು ಗಂಗೆ. ಕುತ್ತಿಗೆಗೆ ಸೇವಂತಿಗೆ ಹಾರ, ಹಣೆಗೆ ವಿಭೂತಿ. ಚನ್ನಬಸವಯ್ಯನವರೇ ಕೂತು ಕರೆಯುತ್ತಿದ್ದರು. ಗಂಗೆ ಕತ್ತು ಮುಂದಕ್ಕೆ ಚಾಚಿ ಕೆಮ್ಮಿತು. ಸಣ್ಣದು, ಒಣದು.

ಸಿದ್ದಲಿಂಗಸ್ವಾಮಿ ಹಾರದ ಕೆಳಗೆ ನೋಡಿದ. ಪಕ್ಕೆ ಎದ್ದಿದ್ದವು. ಗಂಗೆ ಮತ್ತೊಮ್ಮೆ ಕೆಮ್ಮಿತು. ಅಷ್ಟರಲ್ಲಿ ಅಭಿಷೇಕ ಮುಗಿದು ತೀರ್ಥದ ತಂಬಿಗೆ ಸಾಲಿನಲ್ಲಿ ಬರುತ್ತಿತ್ತು. ಧನುಶ್ರೀ ಅಂಗೈ ಗುಳಿ ಮಾಡಿ ಚಾಚಿದಳು. ಅವನು ಆ ಕೈಯನ್ನು ಹಿಡಿದು ಕೆಳಗಿಳಿಸಿದ.

“ಬೇಡ ಮರಿ.”

“ಯಾಕಪ್ಪಾ? ತಾತ ತಕೊಂಡ್ರು.”

ತಂಬಿಗೆ ಹಿಡಿದಿದ್ದ ಚನ್ನಬಸವಯ್ಯನವರ ಮುಖ ಕೆಂಪಾಯಿತು. “ತೀರ್ಥ ಬ್ಯಾಡ ಅಂತೀರಾ? ಮಗು ಕೈನೇ ಎಳೀತೀರಾ?”

“ಆ ಹಸುಗೆ ಕ್ಷಯ ಇರೋ ಹಂಗಿದೆ ಚನ್ನಬಸವಯ್ಯೋರೇ. ಕಾಯಿಸ್ದೇ ಇರೋ ಹಾಲಲ್ಲಿ ಅದು ಮನುಷ್ಯರಿಗೂ ಬರುತ್ತೆ. ಪರೀಕ್ಷೆ ಮಾಡೋವರ್ಗೂ ಕೊಡ್ಬೇಡಿ.”

“ಪಟ್ಟದ ಹಸುಗೆ ಕ್ಷಯ! ಅಯ್ಯೋ, ದಿನಾ ಬೆಲ್ಲ ತಿನ್ನಿಸ್ತೀನಿ, ಮೆಣಸಿನ ಕಷಾಯ ಕುಡಿಸ್ತೀನಿ. ಕಸಾಯಿಖಾನೇಲಿ ಕುಯ್ದೂ ಕುಯ್ದೂ ನಿಮ್ಗೆ ಎಲ್ಲಾ ಹಸೂನೂ ಸತ್ತಂಗೇ ಕಾಣ್ತದೆ.”

ಸಾಲಿನಲ್ಲಿದ್ದವರು ತಿರುಗಿ ನೋಡಿದರು. ಗುರುಮಲ್ಲಪ್ಪನವರು ಇನ್ನೊಂದು ಸಲ ಕೈ ಚಾಚಿ ತೀರ್ಥ ಇಸಿದುಕೊಂಡು, ಮಗನ ಮುಂದೆಯೇ ಕುಡಿದು, ಒದ್ದೆ ಕೈಯನ್ನು ತಲೆಗೆ ಸವರಿಕೊಂಡರು.

ಮನೆಯಲ್ಲಿ ಮಾತು ಮುಂದುವರಿಯಿತು.

“ನಾಳೆಯಿಂದ ಮಗೂಗೆ ಆ ಗಿಂಡಿ ತರ್ಬೇಡಿ ಅಪ್ಪಾಜಿ. ನೀವೂ ಕುಡೀಬೇಡಿ.”

“ನಮ್ಮಪ್ಪ ಕುಡುದ್ರು, ನಾನು ಕುಡಿದೆ, ನೀನೂ ಕುಡ್ದೇ ಬೆಳ್ದೆ. ಏನಾಗಿತ್ತೋ ನಿಂಗೆ ರೋಗ?”

“ಆಗಿನ ಹಸು ಬೇರೆ.”

“ಆಗಿನ ಡಾಕ್ಟ್ರೂ ಬೇರೆ. ನಿನ್ನ ಹಟ್ಟಿಯಿಂದ ಆಚೆ ಹಾಕಿದ್ರಲ್ಲ, ಆ ಉರಿ ಇನ್ನೂ ಆರಿಲ್ಲ ನಿಂಗೆ. ಹಂಗಂತ ಮಠದಲ್ಲಿ ಎಲ್ರೂ ಅಂತವ್ರೆ. ನಾನೂ ಅಂತೀನಿ.”

ಈ ಮಾತು ಅವನಿಗೆ ನಾಟಿತು. ಉರಿ ಇರಲಿಲ್ಲ ಎನ್ನುವುದಕ್ಕೆ ಅವನ ಹತ್ತಿರ ಸಾಕ್ಷಿಯಿರಲಿಲ್ಲ, ಉರಿ ಇದ್ದದ್ದೂ ನಿಜ. ಆದರೆ ಉರಿಯಿದ್ದವನು ಹೇಳಿದ ಮಾತ್ರಕ್ಕೆ ಕೆಮ್ಮು ಸುಳ್ಳಾಗುತ್ತದೆಯೇ? ಮಾರನೆಯ ಬೆಳಿಗ್ಗೆಯೂ ಗಿಂಡಿ ಬಂತು. ಶಾಂತಾದೇವಿ ಮಾವನ ಕೈಯಿಂದ ಅದನ್ನು ಇಸಿದುಕೊಂಡು, ಒಲೆಯ ಮೇಲಿಟ್ಟು ಉಕ್ಕಿಸಿದಳು. ಒಲೆ ಮುಟ್ಟಿದ ಮೇಲೆ ಅದು ತೀರ್ಥವಲ್ಲ. ಗುರುಮಲ್ಲಪ್ಪನವರು ಉಣ್ಣದೆ ಅಂಗಡಿಗೆ ಹೋದರು.

ಪರೀಕ್ಷೆಗೆ ಹಸುವನ್ನು ಕುಯ್ಯಬೇಕಾಗಿಲ್ಲ. ಕುತ್ತಿಗೆಯ ಚರ್ಮದೊಳಗೆ ಒಂದು ಸಣ್ಣ ಸೂಜಿಮದ್ದು, ಮೂರು ದಿನ ಬಿಟ್ಟು ನೋಡಿದರೆ ಕ್ಷಯವಿದ್ದ ಹಸುವಿಗೆ ಅಲ್ಲಿ ಗಂಟು ಎದ್ದಿರುತ್ತದೆ. ಮದ್ದಿಗೆ ಅವನು ವಸಂತಮ್ಮನವರ ಪ್ರಯೋಗಾಲಯಕ್ಕೆ ಹೋದ. ಅವರು ಶೀಷೆ ಕೊಟ್ಟು, “ಒಂದಕ್ಕೆ ಮಾತ್ರ ಚುಚ್ಚಬೇಡಿ. ಹಟ್ಟಿಯಲ್ಲಿ ಎಲ್ಲಕ್ಕೂ ಚುಚ್ಚಿ. ಇಲ್ಲದೆ ಇದ್ದರೆ ಯಾರೂ ನಂಬೋದಿಲ್ಲ” ಎಂದರು. ಚುಚ್ಚಲು ಅವನನ್ನು ಒಳಗೆ ಬಿಡಬೇಕಲ್ಲ? ಅದಕ್ಕೆ ಗೋವಿಂದರಾಜು.

“ಲೋ ಸ್ವಾಮಿ, ನಾನ್ ಹಸು ಮುಟ್ಟಿ ಹತ್ತು ವರ್ಷ ಆಯ್ತು ಕಣೋ. ಕೊಂಬಿರೋ ಪ್ರಾಣಿ ಕಂಡ್ರೇ ಭಯ ಆಗುತ್ತೆ ಈಗ.”

“ನಿನ್ ಹ್ಯಾಟ್ ಹಾಕ್ಕೊಂಡ್ ಬಾ ಸಾಕು.”

ಹ್ಯಾಟೇ ಕೆಲಸ ಮಾಡಿತು. ಲಕ್ಷಗಟ್ಟಲೆ ಬಾಳುವ ಕುದುರೆಗಳ ಡಾಕ್ಟರು ಕಾರಿನಲ್ಲಿ ಬಂದಿಳಿದರೆ ಚನ್ನಬಸವಯ್ಯನವರು ತಡೆಯುತ್ತಾರೆಯೇ? “ಕ್ಷಯ ಇದೆಯಾ ಇಲ್ವಾ ಅಂತ ನೋಡೋ ಸೂಜಿ ಇದು” ಎಂದು ಗೋವಿಂದರಾಜು ಮುಚ್ಚುಮರೆಯಿಲ್ಲದೆ ಹೇಳಿದ. “ಇಲ್ಲ ಅಂತ ನೀವೇ ಬರ್ದ್ ಕೊಡಿ, ಆ ಡಾಕ್ಟ್ರ ಬಾಯ್ ಮುಚ್ಲಿ” ಎಂದು ಚನ್ನಬಸವಯ್ಯನವರು ತಾವೇ ಹಸುಗಳನ್ನು ಸಾಲಾಗಿ ಕಟ್ಟಿಸಿದರು. ಹಗ್ಗ ಹಿಡಿಯಲು ಇನ್ನೊಬ್ಬರು ಬೇಕಾಯಿತು. ಅಲ್ಲಿದ್ದ ಗುರುಮಲ್ಲಪ್ಪನವರು ಪಂಚೆ ಮೇಲೆ ಕಟ್ಟಿ ನಿಂತರು.

ಸಿದ್ದಲಿಂಗಸ್ವಾಮಿ ಬೇಲಿಯ ಆಚೆ, ಸ್ಕೂಟರಿನ ಮೇಲೆ.

“ಲೋ, ಚರ್ಮದ ಒಳಗೆ ಕಣೋ! ಕೆಳಗಲ್ಲ!” ಎಂದು ಅಲ್ಲಿಂದಲೇ ಕೂಗಿದ.

“ಗೊತ್ತು ಸುಮ್ನಿರೋ, ಕುದುರೆಗೂ ಚರ್ಮ ಇರುತ್ತೆ!” ಎಂದು ಗೋವಿಂದರಾಜು ಕೂಗುತ್ತಿರುವಾಗಲೇ ಒಂದು ಹಸು ಬಾಲ ಬೀಸಿ ಅವನ ಹ್ಯಾಟನ್ನು ಗೊಬ್ಬರದ ಗುಂಡಿಗೆ ಹಾಕಿತು. ಚನ್ನಬಸವಯ್ಯನವರೂ ನಕ್ಕರು.

ಮೂರನೆಯ ದಿನ ನೋಡಿದಾಗ ಗಂಗೆಯ ಕುತ್ತಿಗೆಯ ಮೇಲೆ ನಿಂಬೆಹಣ್ಣಿನಷ್ಟು ಗಂಟು. ಗಂಗೆಯ ಎರಡೂ ಪಕ್ಕಕ್ಕೆ ಕಟ್ಟುತ್ತಿದ್ದ ಹಸುಗಳಿಗೂ ಅಂಥದೇ. ಉಳಿದವಕ್ಕೆ ಏನೂ ಇಲ್ಲ. ಗೋವಿಂದರಾಜು ಅಳತೆಗೋಲು ಹಿಡಿದು ಒಂದೊಂದೇ ಹೇಳುತ್ತ ಹೋದ. ಹಗ್ಗ ಹಿಡಿದ ಗುರುಮಲ್ಲಪ್ಪನವರು ಅವನ ಹಿಂದೆಯೇ ತಾವೂ ಬೆರಳಿಟ್ಟು ಒತ್ತುತ್ತ ಬಂದರು. ವಿಭೂತಿ ಉಂಡೆಯೊಳಗೆ ಹರಳಿದ್ದರೆ ಹೊರಗಿನಿಂದ ಒತ್ತಿ ಪತ್ತೆ ಮಾಡುವ ಬೆರಳು ಅದು. ಮಾರನೆಯ ಬೆಳಿಗ್ಗೆ ಗಿಂಡಿ ಖಾಲಿ ಬಂತು.

ಗೋವಿಂದರಾಜು ಗಂಟು ಕ್ಷಯದ್ದೇ ಎಂದು ಹೇಳಿ ಹೋಗಿದ್ದರೂ ತೀರ್ಥ ನಿಲ್ಲಲಿಲ್ಲ. ಸೂಜಿ ಚುಚ್ಚಿದರೆ ಬಾವು ಬರುವುದೇ, ಇಬ್ಬರು ಡಾಕ್ಟರೂ ಒಂದೇ ಬಳ್ಳಿಯ ಕಾಯಿ ಎಂದರು ಚನ್ನಬಸವಯ್ಯನವರು. ವಿಷಯ ಸ್ವಾಮಿಗಳವರೆಗೆ ಹೋಯಿತು. ಭಕ್ತರು ಬುದ್ದಿಯವರು ಎಂದು ಕರೆಯುವ ಅವರು ಎಲ್ಲರನ್ನೂ ಕರೆಸಿದರು. ಜಗುಲಿಯ ಮೇಲೆ ಭಕ್ತರು ಕಿಕ್ಕಿರಿದು ಕೂತಿದ್ದರು.

“ಬುದ್ದೀ, ಇವರನ್ನ ಹಟ್ಟಿಯಿಂದ ಆಚೆಗ್ ಹಾಕಿದ್ದು ನಾನು. ಅದುಕ್ಕೇ ಹಟ್ಟಿಗೇ ರೋಗ ಹಚ್ತಾವ್ರೆ” ಎಂದು ಚನ್ನಬಸವಯ್ಯನವರು ಶುರು ಮಾಡಿದರು. “ಕೇಳಿ ಇವರ್ನೇ. ಎರಡು ವರ್ಷ ಗಂಗೆಗೆ ಇದೇ ಕೆಮ್ಮಿಗೆ ಪುಡಿ ಕೊಟ್ಟೋರು ಯಾರು?”

“ನಾನೇ” ಎಂದ ಸಿದ್ದಲಿಂಗಸ್ವಾಮಿ.

“ಆಗ ಬರೀ ಕೆಮ್ಮು. ಈಗ ಕ್ಷಯನಾ?”

“ಆಗ ನಾನು ಪ್ರಾಣಿ ಎದೆ ಒಳಗೆ ನೋಡಿರ್ಲಿಲ್ಲ. ಈಗ ದಿನಾ ನೋಡ್ತೀನಿ. ನೀವು ಬೇಡ ಅಂತೀರಲ್ಲ, ಆ ಜಾಗದಲ್ಲೇ.”

ಜಗುಲಿಯ ಮೇಲೆ ಗುಜುಗುಜು ಎದ್ದಿತು. ಬುದ್ದಿಯವರು ಕೈಯೆತ್ತಿದರು. “ಹಾಲು ಕಾಯಿಸಿದರೆ ಆಗುತ್ತದೆಯೋ?”

“ಆಯ್ತದೆ ಬುದ್ದಿ” ಎಂದ ಸಿದ್ದಲಿಂಗಸ್ವಾಮಿ.

“ಒಲೆ ಮುಟ್ಟಿದ ಹಾಲು ಗದ್ದುಗೆಗೆ ಸಲ್ಲುವುದಿಲ್ಲ” ಎಂದು ಚನ್ನಬಸವಯ್ಯನವರು ಎದ್ದೇ ನಿಂತರು. “ಪದ್ಧತಿ ಮುರಿಯೋದಾದ್ರೆ ನನ್ ಬೀಗದ ಕೈ ಇಸ್ಕೊಂಡ್ಬುಡಿ.”

ಇನ್ನು ಮಾತು ಮುಗಿಯಿತು ಎಂದು ಎಲ್ಲರೂ ತಿಳಿದರು. ಅಷ್ಟು ಹೊತ್ತೂ ಕಂಬಕ್ಕೆ ಒರಗಿ ಕೂತಿದ್ದ ಗುರುಮಲ್ಲಪ್ಪನವರು ಗಂಟಲು ಸರಿಮಾಡಿಕೊಂಡರು.

“ಬುದ್ದೀ, ನನ್ ಮಗ ಹೇಳ್ದ ಅಂತ ನಾನ್ ಮಾತಾಡ್ತಿಲ್ಲ. ಅವನ ಮಾತಿನ ರೀತಿ ನಂಗೆ ಹಿಡಿಸ್ಲೂ ಇಲ್ಲ. ಆದ್ರೆ ಹಗ್ಗ ಹಿಡಿದೋನು ನಾನು. ಅದೇ ಸೂಜಿ, ಅದೇ ಮದ್ದು, ಎಲ್ಲಾ ಹಸುಗೂ ಚುಚ್ಚುದ್ರು. ಬಾವು ಬರೋದಾಗಿದ್ರೆ ಎಲ್ಲಕ್ಕೂ ಬರಬೇಕಾಗಿತ್ತು. ಮೂರಕ್ಕೇ ಯಾಕ್ ಬಂತು? ಬೆರಳಿಟ್ಟು ನೋಡಿದೀನಿ. ಚನ್ನಬಸವಯ್ಯ, ನೀನೂ ನೋಡ್ದೆ.”

ಎದ್ದು ನಿಂತಿದ್ದ ಚನ್ನಬಸವಯ್ಯನವರು ಕೂತುಕೊಂಡರು.

“ಇನ್ನೊಂದು. ನಮ್ ತಾತ ಈ ಮಠಕ್ಕೆ ಬರ್ತಿದ್ದಾಗ ಇಲ್ಲಿ ಹಸುನೇ ಇರ್ಲಿಲ್ವಂತೆ. ಬಾವಿ ಇತ್ತು. ಆಗ ಕೊಡ್ತಿದ್ದಿದ್ದು ಪಾದೋದಕ, ನೀರು. ಹಟ್ಟಿ ಬಂತು, ಹಾಲು ಹೆಚ್ಚಾಯ್ತು, ನೀರು ಹೋಗಿ ಹಾಲಾಯ್ತು. ನೀರು ಕೊಟ್ರೆ ಪದ್ಧತಿ ಮುರ್ದಂಗಾಗಲ್ಲ. ಹಳೇದಕ್ಕೇ ಹೋದಂಗಾಯ್ತದೆ.”

ಬುದ್ದಿಯವರು ಬಾವಿಯ ಕಡೆ ನೋಡಿದರು. “ನಾಳೆಯಿಂದ ನೀರು” ಎಂದರು. ಮೂರೂ ಹಸುಗಳನ್ನು ಕಡಕೊಳದ ಮಠದ ಜಮೀನಿನಲ್ಲಿ ಬೇರೆ ಕಟ್ಟುವುದು, ಅವುಗಳ ಹಾಲನ್ನು ಯಾರೂ ಮುಟ್ಟದಿರುವುದು ಎಂದೂ ಆಯಿತು.

ಸಿದ್ದಲಿಂಗಸ್ವಾಮಿಗೆ ಯಾರೂ ಒಂದು ಮಾತು ಹೇಳಲಿಲ್ಲ. ದಾರಿಯಲ್ಲಿ ಸ್ಕೂಟರಿನ ಹಿಂದೆ ಕೂತ ಅಪ್ಪ ಹೇಳಿದ್ದು ಇಷ್ಟು: “ಆ ಕೆಲಸ ಬಿಟ್ಬುಡು ಅನ್ನಲ್ಲ ನಾನು. ಆದ್ರೆ ಹಿರೀರ ಹತ್ರ ಗೂಟಕ್ಕೆ ನೇತಾಕ್ತೀನಿ ಅನ್ಬಾರ್ದು ಕಣೋ.” ಆ ಮಾತು ಒಂದು ವರ್ಷ ಅವರ ಹೊಟ್ಟೆಯಲ್ಲಿತ್ತು.

ಕಡಕೊಳಕ್ಕೆ ಹಸುಗಳು ಹೋದವು. ಮೇವು ಹಾಕಲು ಹೋದ ಆಳು ನಾಲ್ಕೇ ದಿನಕ್ಕೆ ಹೆದರಿ ಕೆಲಸ ಬಿಟ್ಟ. ಬೇರೆ ಡಾಕ್ಟರು ಯಾರೂ ಬರಲಿಲ್ಲ. ಹಸು ಕಂಡರೆ ಕುದುರೆ ಡಾಕ್ಟರಿಗೆ ಮೊದಲೇ ಭಯ. ಹೀಗಿರುವಾಗ ಒಂದು ಬೆಳಿಗ್ಗೆ ಮಹದೇವು ಓಡಿಬಂದು, “ಸಾರ್, ಯಾರೋ ಅಯ್ನೋರು ಗೇಟತ್ರ ನಿಂತವ್ರೆ. ಒಳೀಕ್ ಬನ್ನಿ ಅಂದ್ರೆ ಬರಕಿಲ್ಲ ಅಂತಾರೆ” ಎಂದ.

ಕಸಾಯಿಖಾನೆಯ ಗೇಟಿಗೆ ಬೆನ್ನು ಮಾಡಿ, ರಸ್ತೆಯನ್ನೇ ನೋಡುತ್ತ, ಮೂಗಿಗೆ ಶಲ್ಯ ಹಿಡಿದು ನಿಂತಿದ್ದರು ಚನ್ನಬಸವಯ್ಯ.

“ಗಂಗೆ ಮೇವು ಬಿಟ್ಟವಳೆ” ಎಂದರು, ತಿರುಗದೆಯೇ. “ಯಾರೂ ಹತ್ರ ಹೋಗಕಿಲ್ಲ. ನೀವ್ ಬಂದ್ ನೋಡ್ಬೇಕು.”

“ಈ ಕೈಲೇ ನೋಡ್ಬೇಕಾಗುತ್ತೆ. ಬೇರೆ ಕೈ ಇಲ್ಲ.”

“ಅದ್ಕೇ ಬಂದಿದೀನಲ್ಲ. ಮಾತಲ್ಲಿ ಚುಚ್ಚಬೇಡಿ ಈಗ.” ಶಲ್ಯದೊಳಗೆ ಅವರು ಕೆಮ್ಮಿದರು. ಸಣ್ಣದು, ಒಣದು. ಸಿದ್ದಲಿಂಗಸ್ವಾಮಿ ಅವರ ಮುಂದಕ್ಕೆ ಬಂದು ನಿಂತ.

“ಎಷ್ಟು ದಿನದಿಂದ ಇದು?”

“ಏನು?”

“ಕೆಮ್ಮು.”

“ಓ, ಇದಾ. ಮಳೆಗಾಲದಿಂದ. ಬೆಲ್ಲ ಮೆಣಸು ತಿಂತಾ ಇದೀನಿ. ನೀವೇ ಒಂಚೂರು ಎದೆ ನೋಡ್ಬುಡಿ, ಹಸು ನೋಡೋ ಹಂಗೇ.”

“ನೀವು ಎರಡು ಕಾಲಿನೋರು. ಅದಕ್ಕೆ ಬೇರೆ ಡಾಕ್ಟ್ರು. ಹತ್ತಿ ಸ್ಕೂಟರ್.”

“ಈ ಕಸಾಯಿಖಾನೆ ಕೋಟ್ ಬಿಚ್ಚಾಕಿ ಮೊದ್ಲು.”

“ಬಿಚ್ತಾ ಕೂತ್ರೆ ಆಸ್ಪತ್ರೇಲಿ ಚೀಟಿ ಕೊಡೋದ್ ನಿಲ್ಲಿಸ್ತಾರೆ. ಹತ್ತಿ.”

ಚನ್ನಬಸವಯ್ಯನವರು ಪಂಚೆ ಒಟ್ಟುಮಾಡಿಕೊಂಡು, ಆದಷ್ಟೂ ಹಿಂದಕ್ಕೆ ಸರಿದು ಕೂತರು. ಮೊದಲ ಹಳ್ಳ ಹಾರಿದಾಗ ಸೀಟಿನ ಅಂಚು ಹಿಡಿದರು. ಎರಡನೆಯದಕ್ಕೆ ಅವನ ಹೆಗಲನ್ನೇ ಹಿಡಿದುಕೊಂಡರು, ಆಸ್ಪತ್ರೆ ಬರುವವರೆಗೂ ಬಿಡಲಿಲ್ಲ.

ಎಕ್ಸ್‌ರೇ ತೆಗೆದು ಹೊರಗೆ ಕೂರಿಸಿದರು. ಉದ್ದನೆಯ ಬೆಂಚು, ಸಿದ್ದಲಿಂಗಸ್ವಾಮಿಯ ಕೋಟಿನ ವಾಸನೆಗೆ ಪಕ್ಕದವರು ಎದ್ದು ಹೋಗಿ ಜಾಗ ಧಾರಾಳವಾಗಿತ್ತು.

“ಅದೇ ಆಗಿದ್ರೆ?” ಎಂದರು ಚನ್ನಬಸವಯ್ಯ.

“ಮಾತ್ರೆ ಇದೆ. ಆರೆಂಟು ತಿಂಗಳು ಬಿಡದಂಗೆ ತಿನ್ಬೇಕು. ವಾಸಿಯಾಗುತ್ತೆ.”

“ಅದೇ ಮಾತ್ರೆ ಗಂಗೆಗೂ ಕೊಡಿ ಮತ್ತೆ.”

“ಹಸುಗೆ ಆ ಮದ್ದು ಕೊಡಲ್ಲ ಚನ್ನಬಸವಯ್ಯೋರೇ. ಪೂರಾ ವಾಸಿಯಾಗಲ್ಲ, ಹಟ್ಟಿಗೆ ವಾಪಸು ತರೋ ಹಂಗೂ ಇಲ್ಲ. ಇರೋವರ್ಗೂ ನೋವಿಲ್ದಂಗೆ ನೋಡ್ಕೋಬೋದು. ಅದನ್ನ ನಾನ್ ಮಾಡ್ತೀನಿ.”

“ನಂಗೆ ಮದ್ದಿದೆ. ಅದುಕ್ಕಿಲ್ಲ.”

“ಹೂಂ.”

ಚನ್ನಬಸವಯ್ಯನವರು ಶಲ್ಯವನ್ನು ಮಡಿಚಿದರು, ಬಿಚ್ಚಿದರು, ಮತ್ತೆ ಮಡಿಚಿ ತೊಡೆಯ ಮೇಲಿಟ್ಟುಕೊಂಡರು.

“ಇದ್ ಸರಿ ಇಲ್ಲ ಬುಡಿ” ಎಂದರು.

ಒಳಗಿನಿಂದ ಅವರ ಹೆಸರು ಕೂಗಿದರು.